ಡೈನಮೋ ಹಾಡಿದ ಭಾನುವಾರ

ಆ ಭಾನುವಾರ ಬೆಳಿಗ್ಗೆ ಹಾಸಿಗೆ ಬಿಟ್ಟು ಏಳುವ ಮೊದಲೇ ನಾನು ನಿರ್ಧಾರ ಮಾಡಿಯಾಗಿತ್ತು. ವಿಲ್ಲಿ ಸೆರಾವೊ ಎಂಬ ಮನುಷ್ಯ ಸುಳ್ಳುಗಾರ, ಕಾರು ಓಡಿಸಲು ಬಾರದವ, ನೆರೆಮನೆಯಲ್ಲಿ ಇರಲು ನಾಲಾಯಕ್ಕು ಎಂಬ ಪರಮಸತ್ಯವನ್ನು ಇವತ್ತು ಹಗಲು ಬೆಳಕಿನಲ್ಲಿ, ಸಾಕ್ಷಿ ಸಮೇತ, ಎಲ್ಲರ ಕಣ್ಣಿಗೆ ರಾಚುವ ಹಾಗೆ ಸಾಬೀತು ಮಾಡುತ್ತೇನೆ. ಅದಕ್ಕೆ ವಕೀಲರು ಬೇಡ, ಕೋರ್ಟು ಬೇಡ. ನನ್ನ ಎರಡು ಕೈ ಸಾಕು.

"ಕುಶಲಾ, ಇವತ್ತು ಚಾ ಸ್ವಲ್ಪ ಸ್ಟ್ರಾಂಗ್ ಮಾಡು," ಎಂದೆ. "ಆಚೆ ಮನೆಯವನ ಸೊಕ್ಕು ಇಳಿಸ್ಲಿಕ್ಕುಂಟು."

ನನ್ನ ಹೆಂಡತಿ ಕುಶಲಾ ಒಲೆಯ ಕಡೆಯಿಂದ ಮುಖ ತಿರುಗಿಸಲಿಲ್ಲ. "ಅವರ ಸೊಕ್ಕು ಇಳಿಸುವ ಮೊದಲು ನಿಮ್ಮ ಬನಿಯನ್ ಸರಿ ಹಾಕಿ. ಉಲ್ಟಾ ಉಂಟು," ಎಂದಳು.

ಧರ್ಮಯುದ್ಧಕ್ಕೆ ಹೊರಟವನಿಗೆ ನಮ್ಮ ಮನೆಯಲ್ಲಿ ಸಿಗುವ ಆಶೀರ್ವಾದ ಇಷ್ಟೇ.

ಯುದ್ಧದ ಕಾರಣ ಹೇಳಿಬಿಡುತ್ತೇನೆ. ನಾನು, ಲೋಕಯ್ಯ, ಬೋಳಾರದ ಹೊಳೆ ಬದಿಯ ಒಂದು ಹಂಚಿನ ಕಾರ್ಖಾನೆಯಲ್ಲಿ ಹೆಡ್ ಕ್ಲಾರ್ಕು. ವಿಲ್ಲಿ ನನ್ನ ನೆರೆಮನೆಯವನು, ಹಂಪನಕಟ್ಟೆಯಲ್ಲಿ ಔಷಧದ ಅಂಗಡಿ ಇಟ್ಟಿದ್ದವನು. ನಮ್ಮ ಜಿಲ್ಲೆ ಮದ್ರಾಸು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷವಷ್ಟೇ ಆಗಿದ್ದ ಕಾಲ ಅದು. ಬೋಳಾರದಲ್ಲಿ ಕಾರು ಇದ್ದ ಮನೆಗಳನ್ನು ಒಂದು ಕೈಯ ಬೆರಳಿನಲ್ಲಿ ಎಣಿಸಿ ಮುಗಿಸಬಹುದಿತ್ತು. ಆ ಬೆರಳುಗಳಲ್ಲಿ ಒಂದಾಗಬೇಕೆಂದು ನನಗೂ ಆಸೆ, ವಿಲ್ಲಿಗೂ ಆಸೆ. ಒಬ್ಬೊಬ್ಬನಿಗೆ ಒಂದೊಂದು ಕಾರು ತೆಗೆಯುವ ತಾಕತ್ತು ಇಬ್ಬರಿಗೂ ಇಲ್ಲ. ಕೊನೆಗೆ ಇಬ್ಬರೂ ಸೇರಿ, ಸೀಮೆಗೆ ವಾಪಸು ಹೊರಟಿದ್ದ ಒಬ್ಬ ಬಿಳಿಯ ಕಾಫಿ ಪ್ಲಾಂಟರನಿಂದ ಅವನ ಹಳೆಯ ಕಾರನ್ನು ಕೊಂಡೆವು. ಎರಡು ಮನೆಗಳ ನಡುವಿನ ಜಾಗದಲ್ಲಿ ತೆಂಗಿನ ಮಡಲು ಹೊದಿಸಿ ಶೆಡ್ಡು ಕಟ್ಟಿದೆವು. ಒಂದು ವಾರ ಕಾರು ನನಗೆ, ಮರುವಾರ ವಿಲ್ಲಿಗೆ.

ಕೇಳಿದವರೆಲ್ಲ ನಕ್ಕರು. ಸ್ವಂತ ಅಣ್ಣತಮ್ಮಂದಿರೇ ಒಂದು ಬಾವಿಯ ನೀರನ್ನು ಹಂಚಿಕೊಳ್ಳಲಾಗದ ಊರಿನಲ್ಲಿ ನೀವಿಬ್ಬರು ಕಾರು ಹಂಚಿಕೊಳ್ಳುತ್ತೀರಾ ಎಂದರು. "ಹಂಚುವುದು ನನಗೆ ಕಷ್ಟವಾ? ನಾನು ಸಂಬಳ ತಿನ್ನುವುದೇ ಹಂಚಿನ ಕಾರ್ಖಾನೆಯಲ್ಲಿ," ಎಂದು ನಾನು ಎದೆ ಉಬ್ಬಿಸಿದೆ.

ಮೊದಮೊದಲು ಎಲ್ಲ ಸುಖವಾಗಿಯೇ ಇತ್ತು. ತುಳುವರು ಕ್ರಿಸ್ತರನ್ನು ಮರ್ಯಾದೆಯಿಂದ ಕರೆಯುವ ಹಾಗೆ ನಾನು ಅವನನ್ನು 'ಪೊರ್ಬುಲೇ' ಎನ್ನುತ್ತಿದ್ದೆ. ಅವನು ನನ್ನನ್ನು 'ಲೋಕಣ್ಣ' ಎನ್ನುತ್ತಿದ್ದ. ಅವನ ಹೆಂಡತಿ ಡಾಲಿಬಾಯಿ ಸೇಂದಿ ಹಾಕಿ ಉಬ್ಬಿಸಿದ ಸಾನ್ನಾಂ ಎಂಬ ಇಡ್ಲಿ ಗೋಡೆ ದಾಟಿ ಈಚೆ ಬರುತ್ತಿತ್ತು. ಕುಶಲಾಳ ಪತ್ರೊಡೆ ಆಚೆ ಹೋಗುತ್ತಿತ್ತು. ಕಾರಿನಲ್ಲಿ ಪ್ಲಾಂಟರ್ ದೊರೆ ಒಂದು ರೇಡಿಯೊ ಕೂಡ ಕೂರಿಸಿದ್ದ. ನಾನೂ ವಿಲ್ಲಿಯೂ ಅದರ ಬಟನುಗಳನ್ನು ತಿರುಗಿಸಿದೆವು, ಒತ್ತಿದೆವು, ಕೊನೆಗೆ ಗುದ್ದಿದೆವು. ಅದು ಕುಂಯ್ ಎನ್ನಲಿಲ್ಲ. ಸತ್ತಿದೆ ಎಂದು ಒಮ್ಮತದಿಂದ ತೀರ್ಮಾನಿಸಿ ಅದನ್ನು ಮರೆತೆವು. ನಾವಿಬ್ಬರು ಒಮ್ಮತದಿಂದ ಮಾಡಿದ ಕೊನೆಯ ತೀರ್ಮಾನ ಅದು.

ನವರಾತ್ರಿ ಕಳೆದ ಮೇಲೆ ಬ್ಯಾಟರಿ ಸಾಯಲು ಸುರುವಾಯಿತು. ನನ್ನ ವಾರ ಬಂತೆಂದು ಸೋಮವಾರ ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿ ಕಾರಿನಲ್ಲಿ ಕೂತು ಸ್ಟಾರ್ಟರ್ ಎಳೆದರೆ, ಕಾರು ಮಲಗಿದ ಎಮ್ಮೆಯ ಹಾಗೆ ಒಮ್ಮೆ ಉಸಿರು ಬಿಟ್ಟು ಸುಮ್ಮನಾಗುತ್ತಿತ್ತು.

"ಪೊರ್ಬುಲೇ, ನೀವು ಲೈಟ್ ಆಫ್ ಮಾಡದೆ ಬಿಟ್ಟಿದ್ದೀರಿ," ಎಂದೆ.

"ಲೈಟ್ ಅಲ್ಲ ಲೋಕಣ್ಣ, ಅದು ನಿಮ್ಮ ಹಾರ್ನ್," ಎಂದ ವಿಲ್ಲಿ. "ಮಂಗಳಾದೇವಿ ಗುಡಿಯಿಂದ ಕಾರ್ಖಾನೆಯವರೆಗೆ ನೀವು ಹಾರ್ನಿನಿಂದ ಕೈ ತೆಗೆಯುವುದಿಲ್ಲ. ದನಕ್ಕೆ ಹಾರ್ನ್, ಕೋಳಿಗೆ ಹಾರ್ನ್. ದಾರಿಯಲ್ಲಿ ಯಾರೂ ಇಲ್ಲದಿದ್ದರೆ, ಯಾರಾದರೂ ಹೊರಗೆ ಬಂದು ನೋಡ್ಲಿ ಅಂತ ಹಾರ್ನ್."

ಇದು ಪೂರ್ತಿ ಸತ್ಯವಾಗಿದ್ದದ್ದರಿಂದ ನನಗೆ ತಡೆಯಲಾರದಷ್ಟು ಸಿಟ್ಟು ಬಂತು. ನಾನು ಅವನ ಅಂಗಡಿಯ ಕೆಮ್ಮಿನ ಔಷಧದ ಬಗ್ಗೆ ಏನೋ ಹೇಳಿದೆ. ಅವನು ನನ್ನ ಕಾರ್ಖಾನೆಯ ಹಂಚು ಸೋರುವ ಬಗ್ಗೆ ಏನೋ ಹೇಳಿದ. ಮರುವಾರ ಪೊರ್ಬುಲೇ ಹೋಗಿ 'ಮಿಸ್ಟರ್ ಸೆರಾವೊ' ಬಂತು. ಲೋಕಣ್ಣ ಹೋಗಿ 'ಲೋಕಯ್ಯನವರೇ' ಬಂತು. ಆಮೇಲೆ ಅದೂ ಹೋಯಿತು. ಗೋಡೆಯ ಮೇಲಿನ ಬೆಕ್ಕಿಗೆ ಹೇಳುವ ಹಾಗೆ ಮಾತಾಡತೊಡಗಿದೆವು. "ಕೆಲವರಿಗೆ ಕಾರು ಕೊಟ್ಟರೂ ಒಂದೇ, ಎತ್ತಿನ ಗಾಡಿ ಕೊಟ್ಟರೂ ಒಂದೇ," ಎಂದು ನಾನು ಬೆಕ್ಕಿಗೆ ಹೇಳಿದರೆ, "ಕೆಲವರಿಗೆ ಎತ್ತು ಕೂಡ ಹೆಚ್ಚು," ಎಂದು ಅವನು ಅದೇ ಬೆಕ್ಕಿಗೆ ಹೇಳುತ್ತಿದ್ದ.

ಒಂದು ಸಂಜೆ ನಾನು ಕುಶಲಾಳನ್ನು ಕರೆದು ಆಜ್ಞೆ ಹೊರಡಿಸಿದೆ. "ಇವತ್ತಿನಿಂದ ಆ ಮನೆಯವರ ಹತ್ತಿರ ಮಾತಿಲ್ಲ. ಡಾಲಿಬಾಯಿ ಹತ್ತಿರವೂ ಇಲ್ಲ."

"ಮಾತು ಮಾತ್ರವಾ?"

"ಮಾತು ಅಂದರೆ ಮಾತು. ಇನ್ನೆಂತ?"

"ಆಯ್ತು," ಎಂದಳು ಕುಶಲಾ. ಮದುವೆಯಾದಂದಿನಿಂದ ಒಂದು ಮಾತಿಗೂ ಎದುರಾಡದೆ 'ಆಯ್ತು' ಎಂದವಳಲ್ಲ. ಆಗಲೇ ನನಗೆ ಸಂಶಯ ಬರಬೇಕಿತ್ತು. ಆದರೆ ಸಿಟ್ಟಿನಲ್ಲಿದ್ದವನಿಗೆ ವಿಧೇಯತೆ ಕಂಡರೆ ಸಂತೋಷವಾಗುತ್ತದೆ, ಸಂಶಯ ಬರುವುದಿಲ್ಲ. ಆಚೆ ಮನೆಯಲ್ಲಿ ವಿಲ್ಲಿಯೂ ಅದೇ ಆಜ್ಞೆ ಹೊರಡಿಸಿದ್ದ, ಡಾಲಿಬಾಯಿಯೂ ಆಯ್ತು ಎಂದಿದ್ದಳು.

ಅಲ್ಲಿಂದ ಮುಂದೆ ಬ್ಯಾಟರಿ ಇನ್ನೂ ಬೇಗ ಸಾಯತೊಡಗಿತು. ವಾರಕ್ಕೊಮ್ಮೆ ಸಾಯುತ್ತಿದ್ದದ್ದು ವಾರದ ನಡುವೆಯೂ ಸತ್ತಿತು. ವಿಲ್ಲಿ ಹಾರ್ನಿನ ವಾದ ಬಿಟ್ಟು ಹೊಸ ವಾದ ಹಿಡಿದ: ಡೈನಮೋ ಹಾಳಾಗಿದೆ. ಡೈನಮೋ ಎಂದರೆ ಇಂಜಿನಿನ ಜೊತೆ ಬೆಲ್ಟಿನಲ್ಲಿ ತಿರುಗುತ್ತ ಕರೆಂಟು ಹುಟ್ಟಿಸಿ ಬ್ಯಾಟರಿಗೆ ತುಂಬಿಸುವ ಡಬ್ಬ. ಡೈನಮೋ ಹಾಳಾಗಿದ್ದರೆ ತಪ್ಪು ಯಾರದ್ದೂ ಅಲ್ಲ ಎಂದಾಗುತ್ತದೆ. ಅದು ನನಗೆ ಸುತರಾಂ ಒಪ್ಪಿಗೆ ಇರಲಿಲ್ಲ. ಇಷ್ಟು ದಿನ ಹೊಟ್ಟೆ ಉರಿಸಿಕೊಂಡ ಮೇಲೆ ತಪ್ಪು ಯಾರದ್ದಾದರೂ ಆಗಲೇಬೇಕಲ್ಲ.

ಕೊನೆಗೆ ಬೆಕ್ಕಿನ ಮುಖಾಂತರವೇ ಕಾರು ಮಾರುವುದೆಂದು ತೀರ್ಮಾನವಾಯಿತು. ಬಂದರಿನ ಮರದ ವ್ಯಾಪಾರಿ ಉಮರಬ್ಬ ಭಾನುವಾರ ಬಂದು ನೋಡುತ್ತೇನೆಂದು ಹೇಳಿ ಕಳುಹಿಸಿದ. ಶನಿವಾರ ಸಂಜೆ ನೋಡಿದರೆ ಬ್ಯಾಟರಿ ಹೆಣದ ಹಾಗೆ ಬಿದ್ದಿತ್ತು. ನಾನು ಕಾರ್ಖಾನೆಯ ಲಾರಿಯಿಂದ ಒಂದು ಒಳ್ಳೆಯ ಬ್ಯಾಟರಿಯನ್ನು ಕೇಳಿ ತಂದೆ. ಅದನ್ನು ತರುವಾಗ ಹಂಚು ತುಂಬಿಸುತ್ತಿದ್ದ ಲಾರಿ ಡ್ರೈವರುಗಳು ತಮ್ಮೊಳಗೆ ಆಡುತ್ತಿದ್ದ ಮಾತು ಕಿವಿಗೆ ಬಿತ್ತು: ಡೈನಮೋ ಸರಿ ಉಂಟಾ ಇಲ್ಲವಾ ನೋಡಬೇಕಾದರೆ, ಇಂಜಿನ್ ಓಡುವಾಗಲೇ ಬ್ಯಾಟರಿಯ ವೈರು ತೆಗೆದುಬಿಡುವುದು. ಇಂಜಿನ್ ನಿಂತರೆ ಡೈನಮೋ ಸತ್ತಿದೆ. ಓಡುತ್ತಲೇ ಇದ್ದರೆ ಡೈನಮೋ ಸರಿ. "ಆದರೆ..." ಎಂದು ಅವರಲ್ಲೊಬ್ಬ ಮುಂದುವರಿಸುವಷ್ಟರಲ್ಲಿ ನಾನು ಗೇಟು ದಾಟಿಯಾಗಿತ್ತು. ನನಗೆ ಬೇಕಾದದ್ದು ಸಿಕ್ಕಿತ್ತು. ಆ 'ಆದರೆ'ಯ ಆಚೆ ಏನಿತ್ತೆಂದು ಕೇಳುವ ವ್ಯವಧಾನ ಇದ್ದಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು.

ಭಾನುವಾರ ಉಮರಬ್ಬ ಬಿಳಿ ಮುಂಡು, ಅಗಲದ ಬೆಲ್ಟು, ಅತ್ತರಿನ ಪರಿಮಳದೊಂದಿಗೆ ಬಂದಿಳಿದ. ವಿಲ್ಲಿ ಇಗರ್ಜಿಯಿಂದ ಆಗ ತಾನೇ ಬಂದವನು ಬಿಳಿ ಅಂಗಿಯಲ್ಲೇ ಶೆಡ್ಡಿಗೆ ಬಂದ. ಕುಶಲಾ ನಮ್ಮ ಬಾಗಿಲಲ್ಲಿ, ಡಾಲಿಬಾಯಿ ಅವರ ಬಾಗಿಲಲ್ಲಿ. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಶಿಸ್ತಾಗಿ ನಿಂತಿದ್ದರು. ನನ್ನ ಆಜ್ಞೆಯ ತೂಕ ಕಂಡು ನನಗೇ ಹೆಮ್ಮೆಯಾಯಿತು.

ಹಳೆಯ ಬ್ಯಾಟರಿ ತೆಗೆದು ಲಾರಿಯ ಬ್ಯಾಟರಿ ಕೂರಿಸುತ್ತಿದ್ದಾಗ ವಿಲ್ಲಿ ಒಂದು ಮೀಟರ್ ಹಿಡಿದು ಮುಂದೆ ಬಂದ. ಬೆಕ್ಕು ಅಲ್ಲಿರಲಿಲ್ಲವಾದ್ದರಿಂದ ಉಮರಬ್ಬನಿಗೆ ಹೇಳಿದ, "ಸಾಹುಕಾರ್ರೆ, ನನ್ನ ಕಸಿನ್ ಕಾಲೇಜಿನ ಲ್ಯಾಬಿನಿಂದ ಕೊಟ್ಟಿದ್ದಾನೆ. ಬ್ಯಾಟರಿಯ ಎರಡು ತಲೆಗೆ ಇದರ ಎರಡು ವೈರು ಮುಟ್ಟಿಸುವುದು. ಇಂಜಿನ್ ನಿಂತಿರುವಾಗ ಒಮ್ಮೆ ಮುಳ್ಳು ನೋಡುವುದು, ಓಡುವಾಗ ಒಮ್ಮೆ ನೋಡುವುದು. ಮುಳ್ಳು ಸ್ವಲ್ಪ ಮೇಲೆ ಹೋದರೆ ಡೈನಮೋ ಸರಿ, ಇಲ್ಲದಿದ್ದರೆ ಇಲ್ಲ. ಎಂತದನ್ನೂ ಬಿಚ್ಲಿಕ್ಕಿಲ್ಲ, ಎಂತದೂ ಹಾಳಾಗುವುದಿಲ್ಲ."

ಬೇರೆ ಯಾರಾದರೂ ಅದನ್ನು ತಂದಿದ್ದರೆ ನಾನು ಆ ಮೀಟರಿಗೆ ಕೈ ಮುಗಿಯುತ್ತಿದ್ದೆ. ತಂದವನು ವಿಲ್ಲಿ. "ಅವರ ಕಸಿನ್, ಅವರ ಮೀಟರ್, ಅವರ ಮುಳ್ಳು. ತೀರ್ಪು ಮಾತ್ರ ನನ್ನ ವಿರುದ್ಧ. ಅಲ್ವಾ ಸಾಹುಕಾರ್ರೆ?" ಎಂದೆ. "ಮುಳ್ಳು ಸುಳ್ಳು ಹೇಳ್ಬಹುದು, ಇಂಜಿನ್ ಸುಳ್ಳು ಹೇಳುವುದಿಲ್ಲ. ನಾನು ಬ್ಯಾಟರಿಯ ವೈರು ತೆಗೆದೇ ತೋರಿಸ್ತೇನೆ."

ವಿಲ್ಲಿ ಸಿಟ್ಟಿನಲ್ಲಿ ಮಾತು ಬಿಟ್ಟದ್ದನ್ನೇ ಮರೆತು ನೇರವಾಗಿ ನನಗೇ ಹೇಳಿದ, "ಓಡುವಾಗ ತೆಗೆಯುವುದಾ? ಡೈನಮೋ ಹುಟ್ಟಿಸಿದ ಕರೆಂಟು ಬ್ಯಾಟರಿಗೆ ಹೋಗದಿದ್ದರೆ ಮತ್ತೆ ಎಲ್ಲಿಗೆ ಹೋಗ್ಬೇಕು?"

"ನಿಮ್ಮ ಅಂಗಡಿಗೆ ಹೋಗ್ಲಿ. ಅಲ್ಲಿ ಕತ್ತಲೆ ಉಂಟು," ಎಂದೆ.

"ಎಂತಾದರೂ ಒಂದು ಬೇಗ ಮಾಡಿ ಮಾರಾಯ್ರೆ, ನನಗೆ ಬಂದರಿಗೆ ಹೋಗ್ಲಿಕ್ಕುಂಟು," ಎಂದ ಉಮರಬ್ಬ.

ವಿಲ್ಲಿ ಮೀಟರನ್ನು ತನ್ನ ಮನೆಯ ಕಿಟಕಿಯ ಮೇಲಿಟ್ಟು ಕೈ ಕಟ್ಟಿ ನಿಂತ. ನಾನು ಉಮರಬ್ಬನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದೆ. ಹೊಸ ಬ್ಯಾಟರಿಯ ಹುರುಪಿಗೆ ಇಂಜಿನ್ ಒಂದೇ ಎಳೆತಕ್ಕೆ ಹೊತ್ತಿಕೊಂಡಿತು. ಬೆಳಕಿನ ವೈಭವವೂ ಕಾಣಲೆಂದು ಹೆಡ್‌ಲೈಟು ಹಾಕಿಸಿದೆ. ಸ್ವಲ್ಪ ಹೊತ್ತಿನಲ್ಲಿ ಕಾರಿನ ಒಳಗಿನಿಂದ ಸಣ್ಣಗೆ 'ಗುಂಯ್' ಎಂಬ ಸದ್ದು ಬರತೊಡಗಿತು.

"ಅದು ಎಂತ ಸದ್ದು?" ಕೇಳಿದ ಉಮರಬ್ಬ.

ನನಗೆ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲ ಎನ್ನುವ ದಿನವೇ ಅದು? "ಅದಾ? ಅದೇ ಡೈನಮೋ ಸಾಹುಕಾರ್ರೆ. ಆರೋಗ್ಯ ಇರುವ ಡೈನಮೋ ಹೀಗೆಯೇ ಹಾಡುವುದು," ಎಂದೆ.

ನಮ್ಮ ಬಾಗಿಲಲ್ಲಿ ಕುಶಲಾ ಜೋರಾಗಿ ಕೆಮ್ಮಿದಳು. ಆಚೆ ಡಾಲಿಬಾಯಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ನನ್ನ ಜ್ಞಾನಕ್ಕೆ ಬೆರಗಾದರೆಂದು ತಿಳಿದೆ.

ನಟ್ಟು ಸಡಿಲಿಸಿ ವೈರನ್ನು ಮೇಲಕ್ಕೆ ಎಳೆದೆ. ಇಂಜಿನ್ ನಿಲ್ಲಲಿಲ್ಲ. ಓಡುತ್ತಲೇ ಇತ್ತು. ಆ ಗಳಿಗೆಯ ಸಂತೋಷವನ್ನು ಏನೆಂದು ಹೇಳಲಿ? ಡೈನಮೋ ನಿರಪರಾಧಿ, ವಿಲ್ಲಿ ಅಪರಾಧಿ. "ನೋಡಿದ್ರಾ ಮಿಸ್ಟರ್ ಸೆರಾವೊ?" ಎಂದೆ. ಅಲ್ಲಿಗೇ ವೈರನ್ನು ವಾಪಸು ಇಟ್ಟಿದ್ದರೆ ಬಚಾವಾಗುತ್ತಿದ್ದೆನೋ ಏನೋ. ಆದರೆ ವಿಲ್ಲಿಯ ಮುಖ ಇನ್ನೂ ಸಾಕಷ್ಟು ಸಣ್ಣದಾಗಿರಲಿಲ್ಲ. "ಸಾಹುಕಾರ್ರೆ, ಆಕ್ಸಿಲರೇಟರ್ ಒತ್ತಿ. ಇನ್ನೂ ಒತ್ತಿ. ಕೆಲವರ ಕಿವಿಗೆ ಕೇಳ್ಲಿ," ಎಂದೆ.

ಉಮರಬ್ಬನದ್ದು ಮರದ ದಿಮ್ಮಿಯಂಥ ಕಾಲು. ಇಂಜಿನ್ ಆರ್ಭಟಿಸಿತು. ಹಳದಿಯಾಗಿದ್ದ ಹೆಡ್‌ಲೈಟು ಬಿಳಿಯಾಯಿತು, ಬಿಳಿ ನೀಲಿಯಾಯಿತು. ಮತ್ತು ಆಗ ಡೈನಮೋ ನಿಜವಾಗಿಯೂ ಹಾಡಿತು. ಹಿಂದಿಯಲ್ಲಿ, ಹೆಂಗಸಿನ ಸ್ವರದಲ್ಲಿ, ತಬಲಾ ಪಿಟೀಲು ಸಮೇತ, ಬೋಳಾರದ ಹೊಳೆಯ ಆಚೆ ದಡಕ್ಕೂ ಕೇಳುವಷ್ಟು ಜೋರಾಗಿ ಕಾರು ಒಂದು ಪ್ರೇಮಗೀತೆ ಹಾಡಿತು.

ಉಮರಬ್ಬ "ಯಾ ಅಲ್ಲಾ" ಎಂದು ಸೀಟಿನಲ್ಲೇ ಹಾರಿದ. ಹಾರುವಾಗ ಪಾಪ, ಕಾಲನ್ನು ಇನ್ನಷ್ಟು ಒತ್ತಿದ. ಟಪ್ ಎಂದು ಬಲಗಡೆಯ ಲೈಟು ಹೋಯಿತು. ಟಪ್ ಎಂದು ಎಡಗಡೆಯದ್ದು ಹೋಯಿತು. ಹಿಂದಿನ ಕೆಂಪು ಬಲ್ಬು, ಒಳಗಿನ ಸಣ್ಣ ಬಲ್ಬು, ಎಲ್ಲವೂ ದೀಪಾವಳಿಯ ಪಟಾಕಿ ಸರದ ಹಾಗೆ ಹೋದವು. ಹಾಡುತ್ತಿದ್ದವಳು ಮೇಲಿನ ಸ್ವರದಲ್ಲಿ ಒಂದು ಚೀತ್ಕಾರ ಮಾಡಿ ಸುಮ್ಮನಾದಳು. ಅವಳಿದ್ದ ಕಡೆಯಿಂದ ನೀಲಿ ಹೊಗೆ ಬಂತು. ಡೈನಮೋದಿಂದಲೂ ಹೊಗೆ ಬಂತು. ನಾನು ಗಾಬರಿಯಲ್ಲಿ ವೈರನ್ನು ವಾಪಸು ಇಡಲು ಹೋದೆ. ಕೈಯಲ್ಲಿದ್ದ ಸ್ಪ್ಯಾನರು ಜಾರಿ ಬ್ಯಾಟರಿಯ ಎರಡು ತಲೆಗೂ ಅಡ್ಡಲಾಗಿ ಬಿತ್ತು. ಛಟ್ ಎಂದು ಮಿಂಚಿತು. ನಾನು ಹಿಂದಕ್ಕೆ ಹಾರಿ ಶೆಡ್ಡಿನ ಮಡಲಿನ ಗೋಡೆಯ ಮೇಲೆ ಬಿದ್ದೆ. ಗೋಡೆ ನನ್ನ ಮೇಲೆ ಬಿತ್ತು.

ಇಂಜಿನ್ ನಿಂತಿತು. ಕಾಗೆ ಕೂಡ ಕೂಗಲಿಲ್ಲ.

ಆ ಮೌನದಲ್ಲಿ ಮೊದಲು ಕೇಳಿದ್ದು ಡಾಲಿಬಾಯಿಯ ಸ್ವರ: "ಸಾಯ್ಬಾ ದೇವಾ, ನಮ್ಮ ರೇಡಿಯೊ."

ಕುಶಲಾ ಓಡಿ ಬಂದಳು. ನನ್ನನ್ನು ಎತ್ತಲು ಬರುತ್ತಿದ್ದಾಳೆಂದು ಮಡಲಿನ ಅ‌ಡಿಯಿಂದ ಒಂದು ಕೈ ಚಾಚಿದೆ. ಅವಳು ಆ ಕೈ ದಾಟಿ ನೇರ ಕಾರಿನೊಳಗೆ ನುಗ್ಗಿ, ರೇಡಿಯೊದ ಬಟನು ತಿರುಗಿಸಿ, ಅದಕ್ಕೆ ಕಿವಿ ಇಟ್ಟಳು.

"ಹೋಯ್ತು ಡಾಲಿಬಾಯಿ," ಎಂದಳು.

"ಪೂರಾ ಹೋಯ್ತಾ ಕುಶಲಕ್ಕ?"

"ಪೂರಾ."

ನನ್ನ ಆಜ್ಞೆಯೂ ವಿಲ್ಲಿಯ ಆಜ್ಞೆಯೂ ಒಟ್ಟಿಗೆ ಸತ್ತವು. ನಾನು ಮಡಲಿನಿಂದ ತಲೆ ಹೊರಹಾಕಿದೆ. ವಿಲ್ಲಿ ನನ್ನನ್ನು ನೋಡಿದ, ನಾನು ವಿಲ್ಲಿಯನ್ನು ನೋಡಿದೆ.

"ನಮ್ಮ ರೇಡಿಯೊ ಅಂದರೆ ಎಂತ?" ವಿಲ್ಲಿ ನಿಧಾನವಾಗಿ ಕೇಳಿದ. "ಅದು ಸತ್ತ ರೇಡಿಯೊ ಅಲ್ವಾ?"

"ಸತ್ತದ್ದು ಈಗ," ಎಂದಳು ಕುಶಲಾ. "ಅದು ಬಿಸಿಯಾಗ್ಲಿಕ್ಕೆ ಸ್ವಲ್ಪ ಹೊತ್ತು ಕಾಯ್ಬೇಕು. ನೀವಿಬ್ಬರೂ ತಿರುಗಿಸಿದ ಕೂಡಲೇ ಗುದ್ದಿದಿರಿ. ನಾವು ತಿರುಗಿಸಿ ಕೂತೆವು. ಹಾಡಿತು."

"ಮಧ್ಯಾಹ್ನ ನೀವು ಕಾರನ್ನು ಊಟಕ್ಕೆ ತಂದು ನಿಲ್ಲಿಸಿ ಮಲಗ್ತೀರಲ್ಲ, ಆಗ," ಎಂದಳು ಡಾಲಿಬಾಯಿ. "ಭಾನುವಾರ ನೀವು ಸಂಜೆವರೆಗೆ ಮಲಗ್ತೀರಿ, ಆಗ ಸಂಜೆವರೆಗೆ. ನಿನ್ನೆ ಹಾಡಿನ ನಡುವೆಯೇ ಬ್ಯಾಟರಿ ನಿಂತಿತು. ಬಟನು ತಿರುಗಿಸ್ಲಿಕ್ಕೆ ಮರೆತೆವು."

ನನ್ನ ತಲೆಯೊಳಗೆ ಒಂದು ಬಲ್ಬು ಹೊತ್ತಿತು. ಆ ಶೆಡ್ಡಿನಲ್ಲಿ ಉಳಿದಿದ್ದ ಒಂದೇ ಬಲ್ಬು. "ಹಾಗಾದರೆ ಇಷ್ಟು ದಿನ ಬ್ಯಾಟರಿ ಕುಡಿದದ್ದು ನೀವಿಬ್ಬರಾ?" ಎಂದು ಕೂಗಿದೆ. "ನಾನು ಇವರ ಹತ್ತಿರ ಜಗಳ ಮಾಡಿ ರಕ್ತ ಕುದಿಸಿಕೊಂಡೆನಲ್ಲ? ಆಗ ಹೇಳ್ಲಿಕ್ಕೆ ಬಾಯಿ ಇರ್ಲಿಲ್ಲವಾ? ನಾನು ಮಾತಾಡ್ಬೇಡ ಅಂದಿರ್ಲಿಲ್ಲವಾ?"

ಕುಶಲಾ ಕಾರಿನಿಂದ ಇಳಿದಳು. ನನ್ನ ಸಿಟ್ಟು ಬೆಂಕಿಕಡ್ಡಿಯಾದರೆ ಅವಳದ್ದು ಹಂಚಿನ ಭಟ್ಟಿ ಎಂದು ಆಗ ತಿಳಿಯಿತು.

"ಮಾತಾಡ್ಬೇಡ ಅಂದಿರಿ, ಮಾತಾಡ್ಲಿಲ್ಲ. ಕೂತು ಕೇಳಿದೆವು. ಕೇಳ್ಬೇಡ ಅಂತ ನೀವು ಹೇಳ್ಲಿಲ್ಲ. ಮನೆಗೆ ಒಂದು ರೇಡಿಯೊ ತನ್ನಿ ಅಂದಾಗ ಎಂತ ಅಂದಿರಿ? ಹಾಡು ಕೇಳುವ ಹೆಂಗಸರು ಸಾರಿಗೆ ಉಪ್ಪು ಹಾಕ್ಲಿಕ್ಕೆ ಮರೀತಾರೆ ಅಂದಿರಿ. ಯಾವ ದಿನ ಮರೆತಿದ್ದೇನೆ, ಹೇಳಿ."

ಸಾರು ಯಾವಾಗಲೂ ಚೆನ್ನಾಗಿಯೇ ಇರುತ್ತಿತ್ತು.

"ಮೊದಲು ಒಂದೆರಡು ಹಾಡು ಕೇಳಿ ಎದ್ದು ಬರ್ತಿದ್ದೆವು ಲೋಕಣ್ಣ," ಎಂದಳು ಡಾಲಿಬಾಯಿ. ಅವಳ ಕಣ್ಣಲ್ಲಿ ನೀರಿತ್ತು, ಆದರೆ ಸ್ವರ ಚೂರಿಯ ಹಾಗಿತ್ತು. "ನೀವು ಗಂಡಸರು ಮಾತಾಡಬಾರದು ಅಂದಿರಿ. ಗೋಡೆ ಹತ್ತಿರ ನಿಂತರೆ ನಿಮಗೆ ಕಾಣ್ತದೆ, ಬಾವಿ ಹತ್ತಿರ ನಿಂತರೂ ಕಾಣ್ತದೆ. ನಾನು ಈ ಮನೆಗೆ ಬಂದಂದಿನಿಂದ ಕುಶಲಕ್ಕನನ್ನು ನೋಡದ ದಿನ ಇಲ್ಲ. ಮತ್ತೆ ನಾವು ಎಲ್ಲಿ ಕೂರ್ಬೇಕು? ಕಾರಿನೊಳಗೆ ಕೂತರೆ ಯಾರಿಗೂ ಕಾಣುವುದಿಲ್ಲ. ಹಾಗೆ ಪೂರ್ತಿ ಮಧ್ಯಾಹ್ನ ಕೂತೆವು."

ಅಂದರೆ ನಾವು ಹೆಚ್ಚು ಜಗಳವಾಡಿದಷ್ಟು ಅವರು ಹೆಚ್ಚು ಹೊತ್ತು ಕೂತರು. ಅವರು ಹೆಚ್ಚು ಹೊತ್ತು ಕೂತಷ್ಟು ಬ್ಯಾಟರಿ ಬೇಗ ಸತ್ತಿತು. ಬ್ಯಾಟರಿ ಬೇಗ ಸತ್ತಷ್ಟು ನಾವು ಹೆಚ್ಚು ಜಗಳವಾಡಿದೆವು. ವಿಲ್ಲಿಗೂ ಅದೇ ಹೊತ್ತಿಗೆ ಹೊಳೆದಿರಬೇಕು, ಅವನ ಬಾಯಿ ತೆರೆದೇ ಇತ್ತು.

"ಹೇಳುವ ಅಂತಲೇ ಇದ್ದೆವು," ಎಂದಳು ಕುಶಲಾ. "ಅಷ್ಟರಲ್ಲಿ ಕಾರು ಮಾರುವುದು ಅಂತ ಬೆಕ್ಕಿಗೆ ಹೇಳಿದಿರಿ. ಬೆಕ್ಕಿಗೆ ಹೇಳಿದಿರಿ, ನಮಗೆ ಹೇಳ್ಲಿಲ್ಲ."

ಉಮರಬ್ಬ ಇಷ್ಟು ಹೊತ್ತಿಗೆ ಮೆಲ್ಲನೆ ಕಾರಿನಿಂದ ಇಳಿದು ಮುಂಡು ಕೊಡವಿಕೊಂಡಿದ್ದ. "ಲೋಕಯ್ಯನವರೇ, ಪೊರ್ಬುಗಳೇ, ನಿಮ್ಮ ಕಾರು ಒಳ್ಳೆಯದೇ," ಎಂದ. "ನೀವಿಬ್ಬರೂ ಊರಲ್ಲಿ ಇಲ್ಲದ ದಿನ ಒಂದು ಮಾತು ಹೇಳಿ ಕಳಿಸಿ. ಆಗ ಬಂದು ನೋಡ್ತೇನೆ."

ಅವನು ಹೋದ ಮೇಲೆ ಹೆಂಗಸರು ತೀರ್ಪು ಕೊಟ್ಟರು. ಕಾರನ್ನು ಈಗಲೇ, ಇವತ್ತೇ, ಕಂಕನಾಡಿಯ ವರ್ಕ್‌ಶಾಪಿಗೆ ತಲುಪಿಸಬೇಕು. ಅಲ್ಲಿ ಮಮ್ಮು ಎಂಬವನೊಬ್ಬ ಹೊಸದಾಗಿ ಅಂಗಡಿ ಹಾಕಿದ್ದಾನೆ, ಶುಕ್ರವಾರ ಬಾಗಿಲು ಹಾಕಿ ಭಾನುವಾರ ತೆರೆಯುತ್ತಾನೆ. ಕಾರು ರಿಪೇರಿ ಆಗಬೇಕು, ಅದಕ್ಕಿಂತ ಮೊದಲು ರೇಡಿಯೊ ರಿಪೇರಿ ಆಗಬೇಕು. ಅಲ್ಲಿಯವರೆಗೆ ಎರಡೂ ಮನೆಯಲ್ಲಿ ಒಲೆ ಹೊತ್ತುವುದಿಲ್ಲ.

"ಎತ್ತು ಕಟ್ಟಿ ಎಳೆಸುವ," ಎಂದೆ.

"ಎತ್ತು ಎಂತ ತಪ್ಪು ಮಾಡಿದೆ?" ಕೇಳಿದಳು ಕುಶಲಾ.

ದೂಡುವುದೆಂದಾಯಿತು. ಸ್ಟಿಯರಿಂಗ್ ಹಿಡಿಯಲು ಒಬ್ಬರು ಬೇಕು. ನಾನು ಕೂರುತ್ತೇನೆ ಎಂದೆ. ನೀವು ಕೂತು ನಾನು ದೂಡುವುದು ಈ ಜನ್ಮದಲ್ಲಿ ಇಲ್ಲ ಎಂದ ವಿಲ್ಲಿ. ಹಾಗಾದರೆ ನೀವು ಕೂತು ನಾನು ದೂಡುವುದು ಮುಂದಿನ ಜನ್ಮದಲ್ಲೂ ಇಲ್ಲ ಎಂದೆ. ನಾವು ಹೀಗೆ ಜನ್ಮಗಳನ್ನು ವಿಂಗಡಿಸುತ್ತಿದ್ದಾಗ ಕುಶಲಾ ಒಳಗೆ ಹೋಗಿ ಒಳ್ಳೆಯ ಸೀರೆ ಉಟ್ಟು ಬಂದು ಡ್ರೈವರ್ ಸೀಟಿನಲ್ಲಿ ಕೂತಳು. ಇಗರ್ಜಿಯ ರೇಷ್ಮೆ ಸೀರೆಯಲ್ಲೇ ಇದ್ದ ಡಾಲಿಬಾಯಿ ಕೊಡೆ ಹಿಡಿದು ಪಕ್ಕದಲ್ಲಿ ಕೂತಳು. "ಬಿಸಿಲು ಉಂಟು, ತಲೆಗೆ ಬೈರಾಸು ಕಟ್ಟಿಕೊಳ್ಳಿ," ಎಂದು ನಮ್ಮ ಕಡೆಗೆ ಎರಡು ಹತ್ತಿಯ ಟವೆಲು ಎಸೆದಳು.

ಬೋಳಾರದಿಂದ ಕಂಕನಾಡಿಗೆ ಕಾರಿನಲ್ಲಿ ಕೂತು ಹೋದವರಿಗೆ ದಾರಿಯಲ್ಲಿ ಏರು ಇದೆ ಎಂಬುದೇ ಗೊತ್ತಾಗುವುದಿಲ್ಲ. ನನಗೆ ಅದರ ಒಂದೊಂದು ಮೊಳವೂ ಗೊತ್ತು. ಮಂಗಳಾದೇವಿಯ ಎದುರು ಹೂ ಮಾರುವವರು ಎದ್ದು ನಿಂತು ನೋಡಿದರು. ನನ್ನ ಕಾರ್ಖಾನೆಯ ಇಬ್ಬರು ಗುಮಾಸ್ತರು ಎದುರು ಬಂದು ನಮಸ್ಕರಿಸಬೇಕೋ ಬೇಡವೋ ಎಂದು ಯೋಚಿಸಿ, ಕೊನೆಗೆ ಕುಶಲಾಳಿಗೆ ನಮಸ್ಕರಿಸಿದರು. ಏರು ಸುರುವಾದ ಮೇಲೆ ನಾಲ್ಕು ಹೆಜ್ಜೆ ದೂಡುವುದು, ಚಕ್ರಕ್ಕೆ ಕಲ್ಲು ಕೊಡುವುದು, ಏದುಸಿರು ಬಿಡುವುದು. ವಿಲ್ಲಿ ಎಡಗಡೆ, ನಾನು ಬಲಗಡೆ, ನಡುವೆ ಕಡಿದುಹೋದ ಸ್ನೇಹ. ಆದರೆ ಒಂದೇ ಸಲಕ್ಕೆ ದೂಡದಿದ್ದರೆ ಕಾರು ಅಲುಗುವುದಿಲ್ಲ. ಒಂದೇ ಸಲಕ್ಕೆ ದೂಡಬೇಕಾದರೆ ಯಾರಾದರೂ 'ಹಾಂ' ಎನ್ನಬೇಕು. ಯಾರು ಎನ್ನಬೇಕು?

ಮೋರ್ಗನ್ಸ್ ಗೇಟಿನ ಏರಿನಲ್ಲಿ ನನ್ನ ಕಾಲು ಜಾರಿತು. ಕಾರು ಹಿಂದಕ್ಕೆ ಬರತೊಡಗಿತು.

"ಲೋಕಣ್ಣ, ಹಿಡಿಯಿರಿ," ಎಂದು ವಿಲ್ಲಿ ಕಿರುಚಿದ. ಒಂದು ಕೈಯಲ್ಲಿ ಕಾರು ತಡೆದು ಇನ್ನೊಂದು ಕೈಯಿಂದ ನನ್ನ ಬನಿಯನ್ ಹಿಡಿದು ಎಳೆದ. ಬನಿಯನ್ ಹರಿಯಿತು. ನಾನು ಉಳಿದೆ. ಅವನ ಬಿಳಿ ಅಂಗಿ ಕಂಕುಳಿನಿಂದ ಸೊಂಟದವರೆಗೆ ಬಿಚ್ಚಿಕೊಂಡಿತು.

ಇಬ್ಬರೂ ಕಾರಿಗೆ ಬೆನ್ನು ಕೊಟ್ಟು ನಿಂತೆವು.

"ಆ ಮೀಟರ್ ನೋಡ್ಬಹುದಿತ್ತು ಪೊರ್ಬುಲೇ," ಎಂದೆ.

"ಹೋಗ್ಲಿ ಬಿಡಿ. ಅದನ್ನು ನಾನು ತರ್ಬಾರದಿತ್ತು. ಅಂಚೆಯಲ್ಲಿ ಕಳಿಸಿದ್ದರೆ ನೀವು ಒಪ್ತಿದ್ದಿರಿ," ಎಂದ ವಿಲ್ಲಿ.

ಅಷ್ಟರಲ್ಲಿ ಕಾರಿನ ಒಳಗಿನಿಂದ ಡಾಲಿಬಾಯಿಯ ಸ್ವರ ಬಂತು, "ಎಂತ, ನಿಂತಿರಾ? ಊಟದ ಹೊತ್ತಾಯ್ತು."

"ನಿಮ್ಮ ಹೆಂಡತಿ ಕಾರನ್ನು ಬಾಯಿಂದಲೇ ಓಡಿಸ್ತಾರೆ," ಎಂದೆ ಮೆಲ್ಲನೆ.

"ನಿಮ್ಮ ಹೆಂಡತಿ ಹೊಂಡ ಹುಡುಕಿ ಹುಡುಕಿ ಸ್ಟಿಯರಿಂಗ್ ತಿರುಗಿಸ್ತಾರೆ," ಎಂದ ಅವನೂ ಮೆಲ್ಲನೆ.

ಎಷ್ಟೋ ತಿಂಗಳ ಮೇಲೆ ನಾವಿಬ್ಬರು ಒಂದೇ ಪಕ್ಷದಲ್ಲಿದ್ದೆವು. ಅಲ್ಲಿಂದ ಕಂಕನಾಡಿಯವರೆಗೆ ಹೆಂಗಸರನ್ನು ಬೈಯುತ್ತ, 'ಹಾಂ' ಎನ್ನುತ್ತ, ಕಾರನ್ನು ದೂಡಿದೆವು. ಸಿಟ್ಟಿಗೆ ಇಷ್ಟು ಎಳೆಯುವ ಶಕ್ತಿ ಇದೆಯೆಂದು ತಿಳಿದಿದ್ದರೆ ಬ್ಯಾಟರಿಯ ಗೊಡವೆಯೇ ಬೇಕಿರಲಿಲ್ಲ.

ವರ್ಕ್‌ಶಾಪಿನ ಅಂಗಳ ಮುಟ್ಟಿದಾಗ ನಮ್ಮಿಬ್ಬರ ಅವತಾರ ಹೇಳುವುದು ಬೇಡ. ತಲೆಗೆ ಬೈರಾಸು, ಮುಖಕ್ಕೆ ಮಸಿ, ಮೈಗೆ ಹರಿದ ಚಿಂದಿ. ಇಬ್ಬರೂ ಹಿಂದಿನ ಬಂಪರಿನ ಹತ್ತಿರ ನೆಲದಲ್ಲೇ ಕುಕ್ಕರಿಸಿದೆವು. ಮಮ್ಮು ಹೊರಗೆ ಬಂದು, ಸೀರೆ ಸರಿ ಮಾಡಿಕೊಂಡು ಇಳಿದ ಇಬ್ಬರು ಹೆಂಗಸರಿಗೆ ಕೈ ಮುಗಿದು, ಬಾನೆಟ್ಟು ಎತ್ತಿದ. ಮೂಸಿ ನೋಡಿದ. ಅವನ ಮುಖ ಕೆಂಪಾಯಿತು.

"ಇದು ತನ್ನಷ್ಟಕ್ಕೆ ಸುಟ್ಟದ್ದಲ್ಲ ಅಮ್ಮ," ಎಂದ. "ಓಡುವ ಇಂಜಿನಿನಲ್ಲಿ ಯಾರೋ ಬ್ಯಾಟರಿ ವೈರು ತೆಗೆದಿದ್ದಾರೆ. ಇಂಥ ಕತ್ತೆಗಳ ಕೈಗೆ ನೀವು ಕಾರು ಯಾಕೆ ಕೊಡುವುದು?"

ಕುಶಲಾಳೂ ಡಾಲಿಬಾಯಿಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಈ ಕ್ಷಣದಲ್ಲಿ ಹೆಂಡತಿಯಾದವಳು ಗಂಡನ ಮಾನ ಕಾಯುತ್ತಾಳೋ ಇಲ್ಲವೋ ಎಂಬುದು ನನ್ನ ಇಡೀ ಸಂಸಾರದ ಪ್ರಶ್ನೆಯಾಗಿತ್ತು.

"ಎಂತ ಮಾಡುವುದು," ಎಂದಳು ಕುಶಲಾ. "ನಾವು ಹೆಂಗಸರು. ಯಾರು ಬಂದು ಎಂತ ಮಾಡ್ತಾರೆ ಅಂತ ನಮಗೆ ಹೇಗೆ ಗೊತ್ತಾಗ್ಬೇಕು?"

ಕಾಯ್ದಳು. ನನ್ನ ಕಣ್ಣು ತುಂಬಿ ಬಂತು.

ಮಮ್ಮು ಬಾನೆಟ್ಟು ಮುಚ್ಚಿ ಹಿಂದೆ ಬಂದ. ನೆಲದಲ್ಲಿ ಕೂತಿದ್ದ ನಮ್ಮಿಬ್ಬರನ್ನು ಮೇಲಿಂದ ಕೆಳಗೆ ನೋಡಿದ. ನನ್ನ ತೋಳನ್ನು ಎತ್ತಿನ ಹೆಗಲು ಮುಟ್ಟಿ ನೋಡುವ ಹಾಗೆ ಒಮ್ಮೆ ಹಿಸುಕಿ ನೋಡಿ ತಲೆದೂಗಿದ.

"ಏರು ಹತ್ತಿಸಿ ಇಲ್ಲಿವರೆಗೆ ಇವರಿಬ್ಬರೇ ದೂಡಿದ್ದಾ ಅಮ್ಮ? ಒಳ್ಳೆಯ ಆಳುಗಳು," ಎಂದ. "ನಂತೂರಿನಲ್ಲಿ ನಂದೊಂದು ಲಾರಿ ಕೆಟ್ಟು ನಿಂತಿದೆ. ಇವರನ್ನು ಸಂಜೆವರೆಗೆ ನನ್ನ ಹತ್ತಿರ ಬಿಟ್ಟು ಹೋಗ್ತೀರಾ?"

ಕುಶಲಾ ಡಾಲಿಬಾಯಿಯ ಕೊಡೆ ಬಿಡಿಸಿದಳು. ಅವಳ ಕೈ ಹಿಡಿದು ರಸ್ತೆಯ ಕಡೆ ಹೊರಟವಳು ಒಂದು ಸಲ ತಿರುಗಿ ನೋಡಿದಳು.

"ಧಾರಾಳ ಇಟ್ಟುಕೊಳ್ಳಿ," ಎಂದಳು. "ದೂಡ್ಲಿಕ್ಕೆ ಹೇಳಿ, ಎಷ್ಟು ದೂರ ಬೇಕಾದರೂ ದೂಡ್ತಾರೆ. ಯಾವುದಕ್ಕೂ ಕೈ ಹಾಕ್ಲಿಕ್ಕೆ ಮಾತ್ರ ಬಿಡ್ಬೇಡಿ."